ಏನಿಲ್ಲ, ಹೋಗಿ ಬನ್ನಿ

"ಆ ಮುಚ್ಚಳದಿಂದ ಕೈ ತೆಗೀರಿ."

ಅವನು ಬೆಚ್ಚಿ ತಿರುಗಿದ. ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹೆಗಲ ಮೇಲೆ ಅಳತೆಯ ಟೇಪು, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಅದನ್ನೇ ತುಳಿದುಕೊಂಡು ಬಂದು ಅವಳು ಅವನಿಗೂ ಜೇನುಪೆಟ್ಟಿಗೆಗೂ ನಡುವೆ ನಿಂತಳು.

"ಹೊದಿಕೆ ಅಂಚು ಸ್ವಲ್ಪ ಬಿಚ್ಚಿ ಒಂದು ಕಡ್ಡಿ ಇಡ್ತಿದ್ದೆ, ಅಷ್ಟೇ," ಎಂದ.

"ಈ ಚಳಿಯಲ್ಲಿ ಮುಚ್ಚಳ ಎತ್ತಿ ಕಡ್ಡಿ ಇಡೋಕೆ ನೀವ್ಯಾರು?"

ಹಿಂದಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವನಂತೆ. ಅವನ ಅಂಗಳದಲ್ಲೂ ಒಂದು ಪೆಟ್ಟಿಗೆ ಜೇನು ಇದೆಯಂತೆ. ಇಲ್ಲಿನ ಎರಡು ಪೆಟ್ಟಿಗೆಗಳಿಗೆ ಗಾಳಿಯಾಡದ ಹಾಗೆ ಹೊದಿಕೆ ಹೊಲಿದಿರುವುದು ಗೋಡೆಯಾಚೆಯಿಂದ ಕಂಡಿತಂತೆ. ಹುಳುಗಳ ಉಸಿರು ಮೇಲೇರಿ, ಮುಚ್ಚಳಕ್ಕೆ ತಾಗಿ ನೀರಾಗಿ, ಅವುಗಳ ಮೇಲೇ ತೊಟ್ಟಿಕ್ಕುತ್ತದಂತೆ. ಮುಚ್ಚಳ ಒಂದು ಕಡ್ಡಿಯಷ್ಟು ಎತ್ತಿದ್ದರೆ ಆ ಪಸೆ ಹೊರಗೆ ಹೋಗುತ್ತದೆ ಎಂದ. ಅಮ್ಮನವರನ್ನು ಕೇಳಿಯೇ ಒಳಗೆ ಬಂದೆ ಎಂದು ಅಡುಗೆಮನೆಯ ಕಿಟಕಿ ತೋರಿಸಿದ. ಅಲ್ಲಿ ಅವಳ ಅತ್ತೆಯ ಮುಖ ಒಂದು ಕ್ಷಣ ಕಂಡು ಮಾಯವಾಯಿತು.

'ಬೆಚ್ಚಗಿಟ್ಟರೆ ಸಾಯುತ್ತವಂತೆ... ಎಂಥ ಮಾತು!'

ಅವನನ್ನು ಗೇಟಿನವರೆಗೂ ಕಣ್ಣಲ್ಲೇ ಅಟ್ಟಿ, ಕಡ್ಡಿಯನ್ನು ಕಿತ್ತೆಸೆದು ಅಂಚನ್ನು ಮತ್ತೆ ಹೊಲಿದಳು.

ಅವಳ ಸಿಟ್ಟಿಗೂ ಕಾರಣವಿತ್ತು. ಆ ಜೇನು ಅವಳ ಗಂಡನದು. ಕಳೆದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಅವನು ಹೋದ. ಡಾಕ್ಟರು ಏನೇನೋ ಹೆಸರು ಹೇಳಿದರು. ಅವಳಿಗೆ ಅರ್ಥವಾಗಿದ್ದು ಚಳಿ ಒಂದೇ. ಗಂಡನನ್ನು ತಿಂದ ಚಳಿಗೆ ಅವನ ಜೇನನ್ನು ಮಾತ್ರ ಕೊಡಬಾರದು ಎಂದು ಹಟ ಹಿಡಿದಿದ್ದಳು. ಅವನು ಬಿಟ್ಟುಹೋದದ್ದರಲ್ಲಿ ಜೀವವಿರುವುದು ಅದೊಂದೇ. ಅವಳು ಕೆಲಸ ಮಾಡುತ್ತಿದ್ದುದು ರಜಾಯಿ ಅಂಗಡಿಯಲ್ಲಿ. ಉಳಿದ ಹತ್ತಿ ತಂದು ಎರಡೂ ಪೆಟ್ಟಿಗೆಗಳಿಗೆ ಮುಚ್ಚಳ ಸೇರಿಸಿ ದಪ್ಪ ರಜಾಯಿ ಹೊಲಿದಿದ್ದಳು. ಹುಳು ಓಡಾಡಲು ಮುಂದಿನ ಬಾಗಿಲು ಮಾತ್ರ ಬಿಟ್ಟಿದ್ದಳು. ಅವಳ ಹೊಲಿಗೆಯಲ್ಲಿ ಸಂದು ಹುಡುಕಿದವರು ಆ ಬೀದಿಯಲ್ಲೇ ಇರಲಿಲ್ಲ. ಪಾಪ, ಅದೇ ಅವಳ ಹೆಮ್ಮೆ.

"ಅವನು ಒಂದು ಕಡ್ಡಿ ಇಟ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದರು ಅತ್ತೆ.

"ಕಡ್ಡಿ ಆಡಿಸೋರನ್ನ ಕಂಡ್ರೆ ನಿಮಗೆ ಮೊದ್ಲಿಂದ್ಲೂ ಇಷ್ಟ ಬಿಡಿ ಅತ್ತೆ," ಎಂದಳು ಸೊಸೆ.

ಆವತ್ತಿನಿಂದ ಆ ಮನೆಯಲ್ಲಿ ಅವನ ಹೆಸರು ಕಡ್ಡಿ ಎಂದೇ ಆಯಿತು.

ಆದರೂ ಅನುಮಾನದ ಹುಳ ಒಮ್ಮೆ ಹೊಕ್ಕರೆ ಬಿಡುತ್ತದೆಯೇ? ರಜೆಯ ದಿನ ಅವಳು ಹೊಲಿಗೆ ಸ್ವಲ್ಪ ಬಿಚ್ಚಿ, ಮುಚ್ಚಳದ ಅಂಚಿನಲ್ಲಿ ರಜಾಯಿಯೊಳಗೆ ಬೆರಳು ತೂರಿಸಿದಳು. ಹತ್ತಿ ಒದ್ದೆ! ಮಳೆಯೇ ಬಿದ್ದಿಲ್ಲ, ನೀರು ಎಲ್ಲಿಂದ ಬಂತು? ಗೋಡೆಯಾಚೆ ನಿಂತಿದ್ದ ಅವನು ಅವಳ ಮುಖ ನೋಡಿ ಏನೂ ಕೇಳಲಿಲ್ಲ. 'ನಾನು ಹೇಳಿರಲಿಲ್ಲವೇ' ಎನ್ನಲೂ ಇಲ್ಲ. ಅಷ್ಟಕ್ಕೇ ಅವಳ ಮನಸ್ಸು ಅರ್ಧ ಕರಗಿತು.

ಇಬ್ಬರೂ ಸೇರಿ ಮುಚ್ಚಳದ ಸುತ್ತ ಹೊಲಿಗೆ ಬಿಚ್ಚಿದರು. ಕಡ್ಡಿ ಇಟ್ಟರು. ಅವನು ಪೆಟ್ಟಿಗೆಗೆ ಕಿವಿಯಾನಿಸಿ ಮೆಲ್ಲಗೆ ತಟ್ಟುವುದನ್ನು ಹೇಳಿಕೊಟ್ಟ. ತಟ್ಟಿದೊಡನೆ ಒಳಗಿನ ಸದ್ದು ಎದ್ದು ಹಾಗೇ ಇಳಿದರೆ ಕುಟುಂಬ ಚೆನ್ನಾಗಿದೆ ಎಂದರ್ಥ. ಜೇನು ಸಾಕುವವರು ಒಂದು ಪೆಟ್ಟಿಗೆಯ ಹುಳುಗಳನ್ನು ಕುಟುಂಬ ಎಂದೇ ಕರೆಯುವುದು. ಗಂಡನ ಬಾಯಲ್ಲಿ ಆ ಪದ ಕೇಳಿ ಅವಳು ಎಷ್ಟು ಸಲ ನಕ್ಕಿದ್ದಳೋ. ಈಗ ಕಿವಿಯಾನಿಸಿ ಆ ಸದ್ದು ಕೇಳಿದಾಗ ಕಣ್ಣು ತುಂಬಿ ಬಂತು. ಅವನು ನೋಡಿಯೂ ನೋಡದವನಂತೆ ಪೆಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದ ಸತ್ತ ಹುಳುಗಳನ್ನು ಗರಿಯಿಂದ ಗುಡಿಸುತ್ತಾ ಕೂತ.

ಸಂಜೆಗಳಲ್ಲಿ ಅವನು ಬರತೊಡಗಿದ. ಮಾತು ಕಮ್ಮಿ. ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಹೇಳಿದ್ದ. ಅತ್ತೆ ಮಾತ್ರ ಅವನ ಹಿಂದೆ ಮುಂದೆ ಯಾರೂ ಇಲ್ಲ ಎಂಬುದನ್ನೂ ಬಟ್ಟೆ ತಾನೇ ಒಗೆದುಕೊಳ್ಳುತ್ತಾನೆ ಎಂಬುದನ್ನೂ ಕೆದಕಿ ತಿಳಿದುಕೊಂಡು, ಸೊಸೆ ಕೇಳದಿದ್ದರೂ ವರದಿ ಒಪ್ಪಿಸಿದರು.

ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುವಾಗಲೂ ಅವಳು ಗಡಿಯಾರ ನೋಡುತ್ತಿದ್ದಳು. ಮನೆಗೆ ಬಂದು ಗೋಡೆಯ ಮೇಲಿನ ಫೋಟೋದ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಿದ್ದಳು.

'ಇನ್ನೂ ಒಂದು ವರ್ಷವೂ ತುಂಬಿಲ್ಲ... ಇದೇನಾಗುತ್ತಿದೆ ನನಗೆ?'

ಒಂದು ದಿನ ಅಂಗಡಿಗೆ ಹೊರಟವಳು ಎರಡನೇ ಪೆಟ್ಟಿಗೆಯನ್ನು ಹಿಂದಿನಿಂದ ಸ್ವಲ್ಪ ಎತ್ತಿ ನೋಡಿದಳು. ಹಗುರ ಅನ್ನಿಸಿತು. ಒಳಗಿನ ಜೇನು ಖಾಲಿಯಾಗುತ್ತಿದೆಯೋ ಏನೋ ಎಂದು ಅವನನ್ನು ಕರೆದಳು. ಅವನೂ ಎತ್ತಿ ನೋಡಿದ. ಅವನ ಹುಬ್ಬು ಗಂಟಿಕ್ಕಿತು. ಆಮೇಲೆ ಅವಳ ಮುಖ ನೋಡಿ, ದನಿ ತಗ್ಗಿಸಿ ಹೇಳಿದ:

"ಏನಿಲ್ಲ, ಹೋಗಿ ಬನ್ನಿ."

ಅವಳ ಕಾಲು ಅಲ್ಲೇ ನಿಂತಿತು.

ಈ ದನಿ ಅವಳಿಗೆ ಗೊತ್ತು. ಆಸ್ಪತ್ರೆಯ ಉದ್ದನೆಯ ಓಣಿ, ಕೆಂಪು ದೀಪವಿದ್ದ ಬಾಗಿಲು, ಮೂಗು ಬಾಯಿ ಮುಚ್ಚಿ ಮಾಸ್ಕ್ ಹಾಕಿದ್ದ ಒಬ್ಬ. ಗಂಡ ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದ. 'ಗಾಬರಿಪಡುವಂಥದ್ದೇನಾದರೂ ಇದೆಯಾ?' ಎಂದು ಕೇಳಿದ್ದಳು. ಮಾಸ್ಕಿನ ಒಳಗಿಂದ ಇದೇ ದನಿ, ಇದೇ ಮಾತು ಬಂದಿತ್ತು. ಅದನ್ನು ನಂಬಿ ಅವಳು ಗಂಡನನ್ನು ವಾರ್ಡಿಗೆ ಸೇರಿಸಿ, ತುರ್ತಿನ ಕೆಲಸವಿದೆಯೆಂದು ಅಂಗಡಿಗೆ ಹೋಗುತ್ತಲೇ ಇದ್ದಳು. ಯಾರದೋ ಮದುವೆಯ ರಜಾಯಿಗೆ ಅಂಚು ಹೊಲಿಯುತ್ತಿದ್ದಾಗಲೇ ಸುದ್ದಿ ಬಂದದ್ದು.

"ಆಸ್ಪತ್ರೆಲಿ ನೀವೇನು ಕೆಲಸ ಮಾಡೋದು?" ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

"ಎಕ್ಸ್‌ರೇ ತೆಗೀತೀನಿ. ಯಾಕೆ?"

ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಏನೂ ನೆನಪಾಗಲಿಲ್ಲ. ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ದಿನಾ ಎಷ್ಟೋ ಜನ ಹಾಗೆ ಕೇಳುತ್ತಾರೆ, ಫಿಲ್ಮ್ ನೋಡಿ ಹೇಳುವ ಅಧಿಕಾರ ನನಗಿಲ್ಲ, ಹೆದರಿದ ಮುಖ ನೋಡಲಾಗದೆ ಹಾಗನ್ನುತ್ತೇನೆ ಎಂದು ಅವನು ತಡವರಿಸಿದ.

"ಹೇಳೋ ಹಾಗಿಲ್ಲದಿದ್ರೆ ಗೊತ್ತಿಲ್ಲ ಅನ್ಬೇಕಿತ್ತು. ಏನಿಲ್ಲ ಅಂದ್ರಲ್ಲ... ಹಾಗನ್ನದಿದ್ರೆ ಕೊನೇ ದಿನಗಳಲ್ಲಿ ಅವರ ಹತ್ರ ಕೂತಿರ್ತಿದ್ದೆ ನಾನು."

ಅವನು ಪೆಟ್ಟಿಗೆಯ ಮೇಲಿಂದ ಕೈ ತೆಗೆದ.

"ಇನ್ನು ಈ ಕಡೆ ಬರ್ಬೇಡಿ."

ಆ ದಿನ ಅವಳು ಅಂಗಡಿಗೆ ಹೋಗಲಿಲ್ಲ. ಅವನು ಇಟ್ಟಿದ್ದ ಕಡ್ಡಿಗಳನ್ನು ಕಿತ್ತು, ಮುಚ್ಚಳದ ಸುತ್ತ ಮತ್ತೆ ರಜಾಯಿ ಹೊಲಿದಳು. ಈ ಸಲ ಜೋಡಿ ದಾರ. ಒದ್ದೆ ಹತ್ತಿಯನ್ನು ತನ್ನ ಬೆರಳೇ ಮುಟ್ಟಿದ್ದು ನೆನಪಿತ್ತು. ಗೊತ್ತಿದ್ದೂ ಹೊಲಿದಳು. ಅವನ ಕೈ ತಾಗಿದ ಯಾವುದೂ ಬೇಡ ಎನ್ನಿಸಿತ್ತು, ಅಷ್ಟೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅತ್ತೆ ಬಾಗಿಲಲ್ಲಿ ನಿಂತು ಗೊಣಗಿದ್ದು ಕೇಳಿಸಿತು. ಕೇಳಿಸದವಳಂತೆ ಗಂಟು ಹಾಕಿದಳು.

ಆಮೇಲೆ ಬಂತು ನಿಜವಾದ ಚಳಿ. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತು. ಬೀದಿಯಲ್ಲಿ ಜನ ಇಲ್ಲ. ಹಿಂದಿನ ಮನೆಯ ಕಿಟಕಿ ಮುಚ್ಚಿಯೇ ಇತ್ತು. ಅವಳು ಅಂಗಡಿಗೆ ಹೋಗಿ ಬರುತ್ತಾ, ಪೆಟ್ಟಿಗೆಗಳ ಕಡೆ ನೋಡದೆ ದಿನ ತಳ್ಳಿದಳು.

ಬಿಸಿಲು ಬಂದ ಮೊದಲ ಮಧ್ಯಾಹ್ನ ಹೋಗಿ ಮೊದಲ ಪೆಟ್ಟಿಗೆಗೆ ಕಿವಿಯಾನಿಸಿ ತಟ್ಟಿದಳು.

ಸದ್ದಿಲ್ಲ.

ಮತ್ತೆ ತಟ್ಟಿದಳು. ಹೊಲಿಗೆ ಕತ್ತರಿಸಿದಳು. ರಜಾಯಿ ನೀರು ಕುಡಿದು ಭಾರವಾಗಿತ್ತು. ಮುಚ್ಚಳದ ಒಳಮೈಯಿಂದ ಹನಿ ಬೀಳುತ್ತಿತ್ತು. ಮೇಣದ ಎರಿಗಳ ಮೇಲೆ ಬೂಷ್ಟು, ತಳದಲ್ಲಿ ಒದ್ದೆಯಾಗಿ ಅಂಟಿಕೊಂಡ ಕಪ್ಪು ರಾಶಿ. ಎಷ್ಟೋ ಹುಳುಗಳು ಖಾಲಿ ಕಣಗಳಲ್ಲಿ ತಲೆ ತೂರಿಸಿಕೊಂಡು ಹಾಗೇ ಸತ್ತಿದ್ದವು.

ಎರಡನೆಯದರಲ್ಲಿ ಒಂದು ಹಿಡಿ ಹುಳುಗಳು ಉಳಿದಿದ್ದವು. ನಡುವೆ ರಾಣಿ. ಅದರ ಬೆನ್ನ ಮೇಲೆ ಗಂಡ ಇಟ್ಟಿದ್ದ ಬಿಳಿ ಬಣ್ಣದ ಬೊಟ್ಟು ಇನ್ನೂ ಇತ್ತು. ಅದನ್ನು ನೋಡಿ ಅವಳು ಹುಲ್ಲಿನ ಮೇಲೇ ಕುಸಿದು ಕೂತಳು.

ಅತ್ತೆ ಬಂದರು. ಸಮಾಧಾನ ಮಾಡುತ್ತಾರೆಂದು ನೀವು ಎಣಿಸಿದರೆ ಆ ಮುದುಕಿ ನಿಮಗೆ ಗೊತ್ತಿಲ್ಲ.

"ನೋಡು, ನನ್ ಮಗನ್ನ ನೀನು ಕೊಂದಿಲ್ಲ. ನೀನು ಪಕ್ಕದಲ್ಲೇ ಕೂತಿದ್ರೂ ಅವನು ಹೋಗ್ತಿದ್ದ. ಆದ್ರೆ ಇವನ್ನ ಕೊಂದಿದ್ದು ನೀನೇ." ಅವರು ಸೊಸೆಯ ರಟ್ಟೆ ಹಿಡಿದು ಎತ್ತಿದರು. "ಉಳಿದಿರೋದನ್ನಾದ್ರೂ ನೋಡ್ಬೇಕಲ್ಲ. ಎದ್ದು ಹೋಗಿ ಆ ಕಡ್ಡಿನ ಕರಿ."

ಅವಳೇ ಹೋಗಿ ಬಾಗಿಲು ತಟ್ಟಿದಳು. ಅವನು ಹಿಂದೆಯೇ ಬಂದ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಬಹಳ ಹೊತ್ತು ನೋಡಿದ.

"ಉಳಿಯುತ್ವಾ?" ಎಂದಳು.

ಅವನ ತುಟಿ ಅಭ್ಯಾಸದಂತೆ ಅಲುಗಿತು. ತಡೆದುಕೊಂಡ. "ಇಲ್ಲ," ಎಂದ. "ಒಂದನ್ನೊಂದು ಬೆಚ್ಚಗಿಡೋಕೆ ಇಷ್ಟು ಹುಳು ಸಾಲಲ್ಲ. ಇನ್ನೊಂದು ಸಲ ಹಿಮ ಬಿದ್ರೆ ಹೋಗ್ತವೆ. ಆವತ್ತು ಪೆಟ್ಟಿಗೆ ಹಗುರ ಇತ್ತು ಅಂತ್ಲೂ ನನಗೆ ಗೊತ್ತಿತ್ತು. ಸಂಜೆ ಅವಕ್ಕೆ ತಿನ್ನೋಕೆ ಸಕ್ಕರೆ ಇಡೋಣ ಅಂದ್ಕೊಂಡು ನಿಮಗೆ ಹೇಳ್ಲಿಲ್ಲ. ತಪ್ಪಾಯ್ತು. ಆಸ್ಪತ್ರೆದೂ ತಪ್ಪೇ."

ಎಂಥ ಕಠಿಣ ಮಾತು! ಆದರೂ ಆ 'ಇಲ್ಲ' ಕೇಳಿ ಅವಳ ಎದೆಯಲ್ಲಿ ಬಹಳ ದಿನದಿಂದ ಬಿಗಿದಿದ್ದ ಏನೋ ಸಡಿಲವಾಯಿತು.

ಒಂದೇ ದಾರಿ ಇತ್ತು. ಈ ಹಿಡಿ ಹುಳುಗಳನ್ನು ಅವನ ಗಟ್ಟಿ ಕುಟುಂಬದ ಜೊತೆ ಸೇರಿಸುವುದು. ಆದರೆ ಒಂದು ಕುಟುಂಬಕ್ಕೆ ಎರಡು ರಾಣಿ ಆಗುವುದಿಲ್ಲ, ಒಂದನ್ನು ಕೊಲ್ಲಬೇಕು.

"ನನ್ನ ರಾಣೀನ ತೆಗೀತೀನಿ," ಎಂದ ಅವನು. "ಇದು ಅವರು ಗುರುತು ಹಾಕಿದ್ದು. ಇದು ಇರ್ಲಿ."

ಅವಳು ಅವನ ಮುಖವನ್ನೇ ನೋಡಿದಳು. "ಯಾವುದಿದ್ರೆ ಅವು ಚಳಿ ದಾಟ್ತವೆ? ನಿಜ ಹೇಳಿ."

"...ನಂದು. ಇದಕ್ಕೆ ವಯಸ್ಸಾಗಿದೆ."

ಅವಳು ಕೈಗವಸು ತೆಗೆದಳು. ಹುಳುಗಳ ನಡುವೆ ಬೆರಳಿಟ್ಟು ಬಿಳಿ ಬೊಟ್ಟಿನ ರಾಣಿಯನ್ನು ಹಿಡಿದಳು. ಅವನು ತಾನು ಮಾಡುತ್ತೇನೆಂದು ಕೈ ಚಾಚಿದ. ಬೇಡವೆಂದು ತಲೆಯಾಡಿಸಿದಳು. ಗಂಡನ ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿರಲಿಲ್ಲ. ಈಗಲಾದರೂ ಬೇರೆಯವರ ಕೈಗೆ ಬಿಡಬಾರದು. ಹೆಬ್ಬೆರಳು, ತೋರುಬೆರಳು ಒಂದು ಸಲ ಬಿಗಿಯಾದವು. ಅಷ್ಟೇ ಸಾಕಾಯಿತು.

ಅವಳು ಅತ್ತಳು. ಅವನು ಪಕ್ಕದಲ್ಲಿ ಕೂತಿದ್ದ.

ಸಂಜೆಯೊಳಗೆ ಅವಳ ಪೆಟ್ಟಿಗೆಯನ್ನು ಹೊತ್ತು ಅವನ ಅಂಗಳಕ್ಕೆ ಒಯ್ದರು. ನೇರ ಸೇರಿಸಿದರೆ ವಾಸನೆ ಬೇರೆಯಾದ್ದರಿಂದ ಕಡಿದಾಡಿ ಸಾಯುತ್ತವೆ. ಹಾಗಾಗಿ ಅವನು ತನ್ನ ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಲೆ ಹಳೆಯ ಪೇಪರಿನ ಒಂದು ಹಾಳೆ ಹಾಸಿದ. ಅವಳು ಸೂಜಿಯಿಂದ ಅದಕ್ಕೆ ಸಣ್ಣ ತೂತು ಚುಚ್ಚಿದಳು. ಅದರ ಮೇಲೆ ತಳದ ಹಲಗೆ ತೆಗೆದ ಅವಳ ಪೆಟ್ಟಿಗೆ ಕೂತಿತು. ಎರಡೂ ಕಡೆಯವು ಕಾಗದವನ್ನು ಕಡಿಯುತ್ತಾ ಕಡಿಯುತ್ತಾ ಒಂದರ ವಾಸನೆಗೆ ಇನ್ನೊಂದು ಒಗ್ಗಿಕೊಳ್ಳುತ್ತವಂತೆ. ಒಗ್ಗದೆಯೂ ಇರಬಹುದು ಎಂದೂ ಹೇಳಿದ.

ಅವಳು ದಿನಾ ಹೋಗಿ ನೋಡಿದಳು. ಮೊದಮೊದಲು ಸತ್ತ ಹುಳುಗಳೇ ಕಂಡವು. ಖಾಲಿ ಪೆಟ್ಟಿಗೆಯನ್ನೂ ಎತ್ತಿಟ್ಟ ಮೇಲೆ ಅವಳ ಹಿತ್ತಲಲ್ಲಿ ಪೆಟ್ಟಿಗೆಗಳಿದ್ದ ಜಾಗ ಬೋಳಾಗಿತ್ತು.

ಆಮೇಲೊಂದು ಬೆಳಗ್ಗೆ ಅವನ ಪೆಟ್ಟಿಗೆಯ ಬಾಗಿಲಲ್ಲಿ ಪೇಪರಿನ ಪುಡಿ ಬಿದ್ದಿತ್ತು. ಅವಳು ನೋಡುತ್ತಿದ್ದಂತೆಯೇ ಒಂದು ಹುಳು ಕಾಗದದ ಚೂರನ್ನು ಎಳೆದು ತಂದು ಹೊರಗೆ ಹಾಕಿ ಒಳಗೆ ಹೋಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಅವನು ಕೆಲಸಕ್ಕೆ ಹೊರಟವನು ಬಂದು ಪಕ್ಕದಲ್ಲಿ ನಿಂತ.

"ಹುಳು ನೋಡೋಕೆ ಹೋಗ್ತೀನಿ ಅಂತ ಅತ್ತೆಗೆ ಹೇಳಿ ಬಂದೆ," ಎಂದಳು.

"ನನಗೇನು ಹೇಳ್ತೀರಿ?"

"ನಿಮ್ಮನ್ನ ನೋಡೋಕೂ ಬಂದೆ." ಅವಳು ನೆಲ ನೋಡುತ್ತಿದ್ದಳು. "ಅವರನ್ನ ನಾನು ಮರೆಯಲ್ಲ."

"ಮರೀಬೇಡಿ. ಮರೆಯೋರನ್ನ ನಾನು ಇಷ್ಟಪಡ್ತಿರ್ಲಿಲ್ಲ."

"ಅತ್ತೇನೂ ಬಿಟ್ಟು ಬರಲ್ಲ."

"ಬಿಟ್ಟು ಬನ್ನಿ ಅಂದೋರ್ಯಾರು?"

ಅವಳ ಕೈ ತಣ್ಣಗಿತ್ತು. ಅವನು ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಮತ್ತೆ ಯಾರನ್ನಾದ್ರೂ ಕಳ್ಕೋತೀನೇನೋ ಅಂತ ಭಯ ಆಗುತ್ತೆ ನನಗೆ," ಎಂದಳು ಮೆಲ್ಲಗೆ.

"ನನಗೂ ಆಗುತ್ತೆ," ಎಂದ. "ಇಬ್ರೂ ಹೆದರ್ಕೊಂಡೇ ಇರೋಣ... ಒಂದೇ ಮನೇಲಿ."