ಎಡಗೈ ಸುತ್ತಿದ ಕಾಯಿಲ್

ಹನೂರಿನಲ್ಲಿ ಬೈಕುಗಳ ಕಾಯಿಲ್ ಸುತ್ತುತ್ತಲೇ ನನ್ನ ಬೆನ್ನು ಬಗ್ಗಿತು. ಇಂಜಿನ್ ತಿರುಗುವಾಗ ಬ್ಯಾಟರಿಗೂ ಲೈಟಿಗೂ ಕರೆಂಟು ಕೊಡುವುದು ಆ ತಾಮ್ರದ ಸುತ್ತು. ಮಾದೇಶ ನನ್ನ ಬಳಿಯೇ ಕೆಲಸ ಕಲಿತವನು. ಎಡಚ. ನಾನು ಬಲಕ್ಕೆ ಸುತ್ತಿದರೆ ಅವನು ಎಡಕ್ಕೆ. ಒಂದೇ ಕಾಯಿಲಿನಲ್ಲಿ ಎರಡೂ ಬೆರೆತರೆ ಒಂದರ ಕರೆಂಟನ್ನು ಇನ್ನೊಂದು ತಿಂದುಹಾಕುತ್ತದೆ. ಹಾಗಾಗಿ ನಾನು ಅರ್ಧ ಸುತ್ತಿಟ್ಟ ಕಾಯಿಲನ್ನು ಅವನು ಯಾವತ್ತೂ ಮುಟ್ಟುತ್ತಿರಲಿಲ್ಲ. ಹೋದ ವರ್ಷ ರಾಮಾಪುರದಾಚೆಯ ತಿರುವಿನಲ್ಲಿ ಬೈಕಿನ ಲೈಟು ಆರಿಹೋಗಿ ಸತ್ತ.

ಅದೇ ಬೈಕನ್ನು ಅವನ ತಾಯಿ ಚಿಕ್ಕಮಾದಮ್ಮ ಕಿರಿಮಗ ಸಿದ್ದರಾಜುವಿನಿಂದ ತಳ್ಳಿಸಿಕೊಂಡು ಬಂದಳು. ಅವನು ನಸುಕಿನಲ್ಲಿ ಡೈರಿಗೆ ಹಾಲು ಒಯ್ಯಬೇಕಿತ್ತು.

“ಲೈಟು ಆರ್ದೆ ಉರುದ್ರೆ ಓಡುಸ್ಲಿ ಕಣಣ್ಣ, ಇಲ್ದಿದ್ರೆ ಗುಜ್ರಿಗಾಕ್ತೀನಿ. ಇವುನ್ನೂ ಕಳ್ಕಳಾಕಾಗಲ್ಲ.”

ಎರಡು ಸಲ ಸುತ್ತಿದೆ. ಎರಡು ಸಲವೂ ಸುಟ್ಟಿತು.

“ಕೈ ಬಿದ್ದೋಯ್ತಾ ತಾತ ನಿಂದು?” ಎಂದು ಸಿದ್ದರಾಜು ಕೆಣಕಿದ.

ಮೂರನೆಯ ಸಲ ಅರ್ಧಕ್ಕೇ ಬೆರಳು ಸೋತವು. ಅಂಗಡಿಗೆ ಬೀಗ ಹಾಕಿ ಟೀ ಕುಡಿಯಲು ಹೋದೆ.

ವಾಪಸು ಬಂದು ಬೀಗ ತೆಗೆದರೆ, ಮಟಮಟ ಮಧ್ಯಾಹ್ನದಲ್ಲೂ ಒಳಗೆಲ್ಲ ಬಾವಿಯಂತೆ ತಣ್ಣಗಿತ್ತು. ಮೇಜಿನ ಮೇಲೆ ಕಾಯಿಲ್ ಪೂರ್ತಿಯಾಗಿತ್ತು. ನನ್ನ ಅರ್ಧ ಬಲಕ್ಕೆ, ಉಳಿದರ್ಧ ಎಡಕ್ಕೆ. ಎಡಕ್ಕೆ ಸುತ್ತಿದ ತಂತಿ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಕೈ ತೆಗೆದಂತೆ.

ಬಿಚ್ಚಿ ಸುತ್ತುವ ತ್ರಾಣ ಇರಲಿಲ್ಲ. ಉರಿಯುವುದಿಲ್ಲ ಎಂದು ಗೊತ್ತಿದ್ದೂ ಜೋಡಿಸಿದೆ. ಲೈಟು ಹತ್ತಿಕೊಂಡಿತು. ಬೈಕು ಒಯ್ಯಲು ಬಂದ ಚಿಕ್ಕಮಾದಮ್ಮ ಅದರ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಇವತ್ತಿಗೂ ಅದು ಒಂದು ಸಲವೂ ಮಿಣುಕಿಲ್ಲ. ರಾತ್ರಿಯೆಲ್ಲ ನಿಲ್ಲಿಸಿದ್ದರೂ, ಬೆಳಿಗ್ಗೆ ಸಿದ್ದರಾಜು ಮುಟ್ಟಿ ನೋಡಿದರೆ ಕಾಯಿಲಿನ ಮುಚ್ಚಳ ಬೆಚ್ಚಗೇ ಇರುತ್ತದಂತೆ.