ಒಂಬತ್ತನೆಯ ಅಭಿಪ್ರಾಯ

ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಗುಂಡಿ ಎಂಬ ಹುಡುಗಿಯ ಕಾಲು ಸೋತುಹೋಗಿತ್ತು. ಲಿಫ್ಟ್ ಕೆಟ್ಟು ಕೂತಿತ್ತು. ಬಾಗಿಲು ತೆರೆದ ಆಂಟಿಯೂ ಆಗಷ್ಟೇ ಆಫೀಸಿನಿಂದ ಬಂದವರು. ಹೆಗಲಿನ ಬ್ಯಾಗ್ ಇನ್ನೂ ಇಳಿದಿರಲಿಲ್ಲ.

ಎಂಟು ಮನೆಗಳಲ್ಲಿ ಹೇಳಿ ಬಾಯಿಪಾಠವಾಗಿದ್ದ ಮಾತನ್ನೇ ಗುಂಡಿ ಮತ್ತೆ ಒಪ್ಪಿಸಿದಳು. ಸ್ಕೂಲ್ ಪ್ರಾಜೆಕ್ಟ್. ನಮ್ಮ ಅಂಗಡಿ ಬೀದಿಯ ಬಗ್ಗೆ ಹತ್ತು ಜನರ ಅಭಿಪ್ರಾಯ ಬೇಕು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ.

ಇಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು. ಒಬ್ಬರು ಫುಟ್‌ಪಾತ್ ತುಂಬ ಬರೀ ಬೈಕು ಎಂದು ಗೊಣಗಿದ್ದರು. ಒಬ್ಬ ತಾತ, ತರಕಾರಿಯವನು ತಮ್ಮ ಮಂಡಿನೋವು ವಿಚಾರಿಸುತ್ತಾನೆ, ಮಾಲ್‌ನಲ್ಲಿ ಯಾರು ವಿಚಾರಿಸುತ್ತಾರೆ ಎಂದು ಇವಳನ್ನೇ ಕೇಳಿದ್ದರು.

ಆಂಟಿ ಬಾಗಿಲಿಗೆ ಒರಗಿ ನಿಂತರು. "ಬೀದಿ ಪರವಾಗಿಲ್ಲಮ್ಮ. ಆದ್ರೆ ಆ ಮೂಲೆ ಟೈಲರ್ ಇದಾರಲ್ಲ, ಹೇಳಿದ ದಿನ ಕೊಡೋದೇ ಇಲ್ಲ. ಮಗು ಯೂನಿಫಾರ್ಮಿಗೆ ನಾಲ್ಕು ಸಲ ಅಲೆದೆ. ಇನ್ಮೇಲೆ ಅಲ್ಲಿ ಕಾಲಿಡಲ್ಲ. ಬರ್ಕೋ."

ಗುಂಡಿಯ ಪೆನ್ಸಿಲ್ ನಿಂತೇಹೋಯಿತು. ಮೂಲೆಯ ಟೈಲರ್ ಅವಳ ಅಮ್ಮ. ಆಂಟಿ ಈ ಕಡೆಗೆ ಹೊಸಬರು, ಪಾಪ, ಇವಳು ಯಾರ ಮಗಳೆಂದು ಅವರಿಗೇನು ಗೊತ್ತು. ಬರೆದವಳಂತೆ ಕೈ ಆಡಿಸಿ, ಥ್ಯಾಂಕ್ಸ್ ಹೇಳಿ ಇಳಿದು ಬಂದಳು.

ಅಂಗಡಿಯಲ್ಲಿ ಅಮ್ಮ ಮಷಿನ್ ತುಳಿಯುತ್ತಲೇ ಇದ್ದಳು. ಜೊತೆಗೆ ಹೊಲಿಯುತ್ತಿದ್ದ ಕೆಲಸದ ಅಕ್ಕ ಬಿಟ್ಟುಹೋಗಿ ಎರಡು ತಿಂಗಳಾಗಿತ್ತು. ಕತ್ತರಿಸಿಟ್ಟ ಯೂನಿಫಾರ್ಮ್‌ಗಳ ರಾಶಿ ಅಮ್ಮನ ಭುಜದವರೆಗೆ ಬೆಳೆದಿತ್ತು.

ಎಷ್ಟು ಜನ ಆಯಿತು ಎಂದು ಕೇಳುತ್ತ ಅಮ್ಮ ಪುಸ್ತಕ ಎಳೆದುಕೊಂಡಳು. ಒಂಬತ್ತರ ಮುಂದೆ ಖಾಲಿ. ಯಾಕೆ ಎಂದಾಗ ಗುಂಡಿ ನೆಲ ನೋಡುತ್ತ ತುಂಡು ತುಂಡಾಗಿ ಎಲ್ಲ ಹೇಳಿದಳು.

ಮಷಿನ್ ಸದ್ದು ನಿಂತಿತು.

"ಬರಿ," ಎಂದಳು ಅಮ್ಮ. "ಅವ್ರೇನು ಸುಳ್ಳು ಹೇಳಿಲ್ಲ. ನಾಲ್ಕು ಸಲ ಬಂದಿದ್ದು ನಿಜ."

"ಮಿಸ್ ಕ್ಲಾಸಲ್ಲಿ ಓದಿಸ್ತಾರೆ. ನೀನೇ ಅಂತ ಎಲ್ರಿಗೂ ಗೊತ್ತಾಗತ್ತೆ."

ಅಮ್ಮ ನೂಲು ಕಚ್ಚಿ ತುಂಡರಿಸಿದಳು.

ಗುಂಡಿಗೆ ಏನು ತೋಚಿತೋ, ಹತ್ತು ಎಂದು ನಂಬರ್ ಹಾಕಿ, "ನಿಂಗೆ ಈ ಬೀದಿ ಹೇಗನ್ಸತ್ತೆ ಅಮ್ಮ?" ಎಂದಳು.

"ನಂಗಾ?" ಅಮ್ಮನಿಗೆ ನಗು ಬಂತು. ಆಮೇಲೆ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. "ಗೊತ್ತಿಲ್ಲ ಕಣೇ. ಹನ್ನೊಂದು ವರ್ಷದಿಂದ ಈ ಸ್ಟೂಲ್ ಮೇಲಿಂದಾನೇ ನೋಡಿರೋದು."

ಅಷ್ಟರಲ್ಲಿ ಬಿಳಿ ನೂಲು ಮುಗಿಯಿತು. ಬೀದಿಯ ಆ ತುದಿಯಿಂದ ನೂಲು ತರಲು ಯಾವಾಗಲೂ ಓಡುವವಳು ಗುಂಡಿ. ಇವತ್ತು ಅವಳು ಏಳಲಿಲ್ಲ.

"ನೀನೇ ಹೋಗ್ಬಾ ಅಮ್ಮ. ಅಲ್ಲೀವರೆಗೆ ಈ ಶರ್ಟ್‌ಗಳಿಗೆ ಬಟನ್ ಹಾಕ್ತಿರ್ತೀನಿ."

ಅಮ್ಮ ಎದ್ದಳು. ಹೊಸ್ತಿಲಲ್ಲಿ ಸೊಂಟ ಹಿಡಿದು ಒಂದು ಗಳಿಗೆ ನಿಂತು, ಬೆಳಕಿಗೆ ಕಣ್ಣು ಕಿರಿದು ಮಾಡಿ ಹೊರಟಳು.

ಗುಂಡಿ ಸ್ಟೂಲ್ ಮೇಲೆ ಕೂತಳು. ಅಲ್ಲಿಂದ ಕಂಡದ್ದು ಒಂದು ದೀಪದ ಕಂಬ, ಎದುರಂಗಡಿಯ ಅರ್ಧ ಬೋರ್ಡು, ಅಷ್ಟೇ. ಯಾರೋ ಒಬ್ಬರು ಬಂದು ನಿಂತರು. ಮುಖಕ್ಕಿಂತ ಮೊದಲು ಅವರ ಕೈಯಲ್ಲಿದ್ದ ಬಟ್ಟೆಯ ಗಂಟು ಕಾಣಿಸಿತು. ಅಮ್ಮ ಈಗ ಬರುತ್ತಾಳೆ ಎಂದು ಹೇಳಿ ಅವರನ್ನು ಕೂರಿಸಿದಳು.

ಪೆನ್ಸಿಲ್ ತೆಗೆದು, ಆಂಟಿ ಹೇಳಿದ್ದನ್ನು ಒಂದು ಪದ ಬಿಡದೆ ಬರೆದಳು. ಅದರ ಕೆಳಗೆ ಅಮ್ಮ ಹೇಳಿದ್ದನ್ನೂ ಬರೆದಳು. ಆಮೇಲೆ ಸೂಜಿ ಹಿಡಿದು, ಅಮ್ಮ ಬೀದಿ ನೋಡಿಕೊಂಡು ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟೇ ಬರಲಿ ಎಂದುಕೊಂಡಳು.