ಇರುವೆಯನ್ನೂ ನೋಯಿಸದವನ ಹಲ್ಲುನೋವು

ಕ್ಲಿನಿಕ್ಕಿನ ಬಾಗಿಲು ಹಾಕಬೇಕೆಂದು ಬೀಗ ಕೈಗೆತ್ತಿಕೊಂಡಾಗ ಸುಧನ್ವ ಮೆಟ್ಟಿಲಿಳಿದು ಬಂದ. ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಆದರೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಗೋಕುಲಂ ಬಡಾವಣೆಯಲ್ಲಿ ನನ್ನ ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲೇ ಅವನ ಯೋಗಶಾಲೆ. ನನ್ನ ಬೋರ್ಡಿನ ಮೇಲೆ ಚಾರುಮತಿ ಎಂದು ದೊಡ್ಡದಾಗಿ ಬರೆಸಿದ್ದರೂ ನಾನು ಅವನಿಗೆ ‘ಡಾಕ್ಟ್ರೇ’, ಅವನು ನನಗೆ ‘ಮೇಷ್ಟ್ರೇ’. ಮನಸ್ಸಿನೊಳಗೆ ಮಾತ್ರ ಅವನು ಎಂದೋ ಏಕವಚನಕ್ಕೆ ಇಳಿದಿದ್ದ.

ಅವನ ಅಹಿಂಸೆ ಸಾಮಾನ್ಯದ್ದಲ್ಲ. ಇರುವೆಗಳು ಯಾರ ಕಾಲಿಗೂ ಸಿಕ್ಕಿ ಸಾಯಬಾರದೆಂದು ಕಿಟಕಿಯ ಮೂಲೆಯಲ್ಲಿ ಸಕ್ಕರೆ ಇಡುತ್ತಾನೆ. ಅವು ಬಳಗ ಕಟ್ಟಿಕೊಂಡು ನನ್ನ ಕ್ಲಿನಿಕ್ಕಿಗೆ ಇಳಿಯುತ್ತವೆ. ಹಾಲಿನವನು ನೀರು ಬೆರೆಸಿದರೂ ಕೇಳುವುದಿಲ್ಲ, ಪಾಪ ಬೇಜಾರಾಗುತ್ತದಂತೆ. ಶಿಷ್ಯರಿಗೆ ಮಾತ್ರ ಬೆಳಗಾಗೆದ್ದು ಪಾಠ: ನೋವಾದರೆ ಅಲ್ಲಿಗೇ ನಿಲ್ಲಿಸಿ, ಅಹಿಂಸೆ ನಿಮ್ಮ ಮೈಯಿಂದಲೇ ಶುರುವಾಗಬೇಕು. ಕೇಳಿ ಕೇಳಿ ನನಗೇ ಬಾಯಿಪಾಠವಾಗಿದೆ. ಹೇಳುವವನಿಗೆ ಆಗಿಲ್ಲ.

ಎಂದಿನಿಂದ ನೋವು ಎಂದು ಕೇಳಿದೆ. ಹೋದ ವಾರದಿಂದ ಎಂದ. ಯಾಕೆ ಬರಲಿಲ್ಲ ಎಂದರೆ, ನಿಮ್ಮಲ್ಲಿ ದಿನಾ ಜನ ತುಂಬಿರುತ್ತಾರೆ, ನಿಮಗೆ ಸುಸ್ತಾಗುತ್ತದಲ್ಲ ಎಂದ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಮೇಲೆ ಕೆನ್ನೆ ಹಿಡಿದುಕೊಂಡು ಮೆಲ್ಲಗೆ ಕೇಳಿದ.

"ಭಾನುವಾರದೊಳಗೆ ಊತ ಇಳಿಯುತ್ತಾ ಡಾಕ್ಟ್ರೇ?"

"ಭಾನುವಾರ ಏನಿದೆ?"

"ನನ್ನ ನಿಶ್ಚಿತಾರ್ಥವಂತೆ."

ಪಕ್ಕದ ಬೀದಿಯವರ ಸುದ್ದಿ ಹೇಳುವ ಹಾಗೆ ಹೇಳಿದ. ನಾನು ತಟ್ಟನೆ ಮಾಸ್ಕ್ ಏರಿಸಿಕೊಂಡೆ. ಕಣ್ಣೊಂದನ್ನು ಬಿಟ್ಟರೆ ನನ್ನ ಮುಖದಲ್ಲಿ ಬೇರೇನೂ ಕಾಣದಿದ್ದದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು.

ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು ಇಂಜೆಕ್ಷನ್ ಕೊಟ್ಟೆ. ಸೂಜಿಯನ್ನು ಮೆಲ್ಲಗೇ ಚುಚ್ಚಿದೆ. ಸಿಟ್ಟನ್ನು ಕೈಗೆ ಇಳಿಸುವವರು ಈ ಕೆಲಸಕ್ಕೆ ಬರಬಾರದು. ಮದ್ದು ಹತ್ತುವವರೆಗೆ ಅವನ ಬಾಯಿಂದ ಒಂದೊಂದೇ ಹೊರಡಿಸಿದೆ. ಅವನನ್ನು ಸಾಕಿದ ಸೋದರತ್ತೆ ಜಲಜಮ್ಮ ಹೆಣ್ಣು ನೋಡಲು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದರಂತೆ. ಹುಡುಗಿಯ ಹೆಸರು ವಾರುಣಿ, ಹೈಸ್ಕೂಲ್ ಟೀಚರ್. ಅವಳ ತಂದೆ ಒಪ್ಪಿಗೆಯೇ ಎಂದು ಕೇಳಿದಾಗ ಈ ಮಹಾಶಯ ಕೇಸರಿಬಾತ್ ಬಹಳ ಚೆನ್ನಾಗಿದೆ ಎಂದನಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಮೌನಂ ಸಮ್ಮತಿ ಲಕ್ಷಣಂ ಎಂದು ಅತ್ತೆ ದಿನ ಗೊತ್ತುಮಾಡಿಬಿಟ್ಟರು.

"ನಿಮಗೆ ಇಷ್ಟಾನಾ?" ಎಂದೆ.

"ಬೇಡ ಅಂದ್ರೆ ಅವರಿಗೆಲ್ಲ ನೋವಾಗಲ್ವಾ?"

ಬಾಯಿ ತೆಗೆಯಿರಿ ಎಂದೆ. ಬಾಯಿ ತೆರೆದು ಮಲಗಿದ ಮನುಷ್ಯ ಎದುರು ಮಾತಾಡಲಾರ. ಇಷ್ಟು ವರ್ಷದಲ್ಲಿ ಅವನ ಮುಂದೆ ಅಂಥ ಅವಕಾಶ ನನಗೆ ಸಿಕ್ಕಿರಲಿಲ್ಲ.

"ಒಳಗೆ ಕೀವು ತುಂಬಿದೆ. ಕೊರೆದ್ರೆ ನೋವಾಗುತ್ತೆ ಅಂತ ನಾನು ಸುಮ್ಮನೆ ಬಿಟ್ರೆ ಅದು ಕರುಣೆನಾ? ನಾಳೆ ದವಡೆಗೆ ಇಳಿಯುತ್ತೆ. ಆ ಹುಡುಗಿಗೆ ಇವತ್ತು ಬೇಡ ಅಂದ್ರೆ ನಾಲ್ಕು ದಿನ ಅಳ್ತಾಳೆ. ಮನಸ್ಸಿಲ್ಲದೆ ತಾಳಿ ಕಟ್ಟಿದ್ರೆ ಜನ್ಮಪೂರ್ತಿ ಅಳ್ತಾಳೆ. ಇರುವೆ, ಹಾಲಿನವನು, ಅತ್ತೆ, ಎಲ್ಲರ ಮೇಲೂ ದಯೆ ಇದೆ ನಿಮಗೆ. ಆ ಎಲ್ಲರಲ್ಲಿ ನೀವೊಬ್ಬರು ಇಲ್ವೇನ್ರೀ?"

ಅವನು ರೆಪ್ಪೆ ಬಡಿಯದೆ ನೋಡುತ್ತಿದ್ದ. ದೀಪದ ಬೆಳಕಿಗೆ ಅವನ ಕಣ್ಣು ಜೇನಿನ ಬಣ್ಣಕ್ಕೆ ತಿರುಗಿತ್ತು. ನೋಟ ನನ್ನ ಹುಬ್ಬಿನಿಂದ ಹಣೆಗೆ ಹೋಯಿತು, ಅಲ್ಲಿ ಜಾರಿದ ಕೂದಲಿಗೆ, ಮತ್ತೆ ಕಣ್ಣಿಗೇ ಬಂದು ನಿಂತಿತು. ಹೀಗೆ ನೋಡುವವನು ಪಿರಿಯಾಪಟ್ಟಣಕ್ಕೆ ಯಾಕೆ ಸಾಯಲು ಹೋಗಬೇಕಿತ್ತು? ಹೇಗೋ ಹಲ್ಲು ತೆರೆದು, ಕೀವು ಇಳಿಸಿ, ಹತ್ತಿ ಇಟ್ಟು ಮುಗಿಸಿದೆ.

ಬೇಸಿನ್ನಿನಲ್ಲಿ ಕೈ ತೊಳೆಯುತ್ತಾ, ಅವನಿಗೆ ಬೆನ್ನು ಹಾಕಿಯೇ ಹೇಳಿದೆ: ಮಾತ್ರೆ ಬರೆದುಕೊಡುತ್ತೇನೆ, ಶನಿವಾರಕ್ಕೆಲ್ಲ ಊತ ಇಳಿಯುತ್ತದೆ, ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತೀರಿ. ಬುದ್ಧಿ ಹೇಳಿ ಹೇಳಿ ನನಗೂ ರೋಸಿಹೋಗಿತ್ತು.

"ಹೋಗಿ. ಸುಖವಾಗಿರಿ."

"ಇಲ್ಲ."

ತಿರುಗಿದೆ. ಅರ್ಧ ಬಾಯಿ ಮರಗಟ್ಟಿ ಅವನ ತುಟಿ ಒಂದು ಕಡೆ ಜೋತುಬಿದ್ದಿತ್ತು. ಆ ಬಾಯಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಏನು ಇಲ್ಲ?"

"ಹೋಗಲ್ಲ. ಚಾರು, ನನಗೆ ನೀವು ಬೇಕು. ಹೇಳಿದ್ರೆ ನಿಮಗೆ ಮುಜುಗರ ಆಗುತ್ತೇನೋ ಅಂತ..."

"ನನಗೇನಾಗುತ್ತೆ ಅಂತ ನನ್ನನ್ನ ಕೇಳಬೇಕಿತ್ತು. ಎಲ್ಲರ ನೋವೂ ನೀವೇ ಊಹೆ ಮಾಡ್ಕೊಂಡು ಕೂತ್ರೆ ಹೇಗ್ರೀ?"

ಬೈದದ್ದೇನೋ ಬೈದೆ, ಆದರೆ ಹೆಸರು ಹಿಡಿದು ಕರೆದಿದ್ದನಲ್ಲ, ನನ್ನ ಕಣ್ಣಲ್ಲಿ ನೀರು ನಿಂತಿತ್ತು. ಮೊದಲು ಆ ಹುಡುಗಿಯ ಮನೆಯವರಿಗೆ ತಿಳಿಸಿ ಎಂದೆ.

ಅತ್ತೆಯ ಕೈಲಿ ಹೇಳಿಸುವುದು ಬೇಡವೆಂದು ಅವನೇ ನೇರವಾಗಿ ವಾರುಣಿಗೆ ಫೋನ್ ಮಾಡಿದ. ಸುತ್ತಿ ಬಳಸಲಿಲ್ಲ. ಈ ಮದುವೆ ನನಗೆ ಬೇಡ, ಮನಸ್ಸು ಬೇರೆ ಕಡೆ ಇದೆ, ಅವತ್ತೇ ಹೇಳಬೇಕಿತ್ತು, ತಪ್ಪು ನನ್ನದು ಎಂದ. ಆ ಕಡೆಯಿಂದ ಬಂದದ್ದು ನನಗೂ ಕೇಳಿಸಿತು. ಸೀರೆ ತಂದಾಗಿದೆ, ನೆಂಟರಿಗೆಲ್ಲ ಹೇಳಿಯಾಗಿದೆ, ಅವತ್ತು ಬಾಯಿ ಇರಲಿಲ್ಲವೇನ್ರೀ ಎಂದು ಆಕೆ ಚೆನ್ನಾಗಿ ಉಗಿದಳು. ಉಗಿಯಲೇಬೇಕು. ಅವನು ಒಂದು ಮಾತನ್ನೂ ತಪ್ಪಿಸಿಕೊಳ್ಳದೆ ಪೂರ್ತಿ ಕೇಳಿಸಿಕೊಂಡ.

ಫೋನ್ ಇಟ್ಟಮೇಲೆ ಅವನದು ಶುರುವಾಯಿತು ನೋಡಿ. ನಾನು ಪಾಪಿ, ಯೋಗ ಹೇಳಿಕೊಡುವ ಯೋಗ್ಯತೆ ನನಗಿಲ್ಲ, ನಾಳೆಯಿಂದ ಉಪವಾಸ ಕೂರುತ್ತೇನೆ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಸಾಕು ಮಾಡಿ. ತಪ್ಪಾಯ್ತು, ಒಪ್ಕೊಂಡ್ರಿ, ಬೈಸ್ಕೊಂಡ್ರಿ. ಇನ್ನು ನಿಮ್ಮನ್ನ ನೀವೇ ಹೊಡ್ಕೊಳ್ಳೋಕೆ ನಾನು ಬಿಡಲ್ಲ. ನಾನು ಇಷ್ಟಪಟ್ಟವರನ್ನ ಯಾರೂ ಹಿಂಸೆ ಮಾಡೋ ಹಾಗಿಲ್ಲ. ನೀವೂ ಮಾಡೋ ಹಾಗಿಲ್ಲ."

ನಾನೇನು ಹೇಳಿಬಿಟ್ಟೆನೆಂದು ಇಬ್ಬರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆ ಊದಿದ ಕೆನ್ನೆಯಲ್ಲೇ ಅವನ ನಗು ಸೊಟ್ಟಗೆ ಹರಡಿತು. ನಿಮಗೆ ತಡವಾಗುತ್ತದೆ, ಹೊರಡಿ ಎನ್ನುತ್ತಾನೆಂದುಕೊಂಡೆ. ಯಾವಾಗಲೂ ಹಾಗೆಯೇ, ನನ್ನ ತಡಕ್ಕೆ ಅವನಿಗೇ ಅವಸರ.

"ಹೋಗಬೇಡಿ ಚಾರು," ಎಂದ. "ನನಗೆ ಕಷ್ಟ ಆಗ್ತಿದೆ. ಸ್ವಲ್ಪ ಹೊತ್ತು ನನ್ನ ಹತ್ರ ಕೂತ್ಕೊಳ್ಳಿ."

ತನಗಾಗಿ ಕೇಳಿದ್ದ. ನಾನು ಸ್ಟೂಲ್ ಎಳೆದುಕೊಂಡು ಕೂತು ಅವನ ಕೈ ಹಿಡಿದೆ. ಮನೆಯಿಂದ ಅಮ್ಮನ ಫೋನ್ ಬರುತ್ತಲೇ ಇತ್ತು, ಎತ್ತಲಿಲ್ಲ.